ಸುಗ್ಗಿಗೆ ಮುನ್ನ ಮನೆಯ ಶುಚಿತ್ವ

ರೈತನ ಮನೆ ಬರೀ ವಾಸದ ಮನೆಯಲ್ಲ. ಅದೇ ಉಗ್ರಾಣ, ಅದೇ ಬೀಜದ ಕೋಣೆ. ಆದ್ದರಿಂದ ರೈತನ ಮನೆಯಲ್ಲಿ ಶುಚಿತ್ವವೆಂದರೆ ಕಣ್ಣಿಗೆ ಅಂದ ಮಾತ್ರವಲ್ಲ, ವರ್ಷದ ಕಾಳಿನ ರಕ್ಷಣೆಯೂ ಹೌದು. ದಕ್ಷಿಣದ ಜಿಲ್ಲೆಗಳಲ್ಲಿ ರಾಗಿ ನವೆಂಬರ್-ಡಿಸೆಂಬರ್ ಹೊತ್ತಿಗೆ, ಉತ್ತರದ ಬಯಲುಸೀಮೆಯಲ್ಲಿ ಹಿಂಗಾರಿ ಜೋಳ ಫೆಬ್ರವರಿ-ಮಾರ್ಚ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಕಾಳು ಮನೆ ಸೇರುವ ಮೊದಲೇ ಈ ಕೆಲಸ ಮುಗಿದಿರಬೇಕು.

ಮುಗ್ಗಲು ವಾಸನೆ ಏಕೆ?

ಕೋಣೆಯ ಬಾಗಿಲು ತೆರೆದೊಡನೆ ಬರುವ ಮುಗ್ಗಲು ವಾಸನೆಗೆ ಮೂಲ ತೇವ. ತೇವವಿದ್ದಲ್ಲಿ ಬೂಷ್ಟು ಬೆಳೆಯುತ್ತದೆ. ಇದರ ಜೊತೆಗೆ ಮೂಲೆ, ಬಿರುಕು, ಹಳೆಯ ಚೀಲದ ಹೊಲಿಗೆಗಳಲ್ಲಿ ಉಳಿದ ಕಾಳಿನಲ್ಲಿ ಕೀಟಗಳು ಬದುಕಿಕೊಂಡಿದ್ದು ಹೊಸ ಕಾಳಿಗೆ ದಾಟುತ್ತವೆ. ರಾಗಿಗೆ ಹುಳುವಿನ ಕಾಟ ಕಡಿಮೆ. ಆದರೆ ಜೋಳ, ಅಕ್ಕಿ, ಗೋಧಿಗೆ ಸೊಂಡಿಲು ಹುಳು, ಹೆಸರು, ಅಲಸಂದೆಗಳಿಗೆ ಕಾಳುದುಂಬಿ ತಪ್ಪಿದ್ದಲ್ಲ. ಊದುಬತ್ತಿ ಹಚ್ಚಿದರೆ ವಾಸನೆ ಮರೆಯಾದೀತು, ಅದರ ಕಾರಣ ಹೋಗದು.

ಶುಚಿಗೊಳಿಸುವ ಕ್ರಮ

1. ಸಾಮಾನುಗಳನ್ನೆಲ್ಲ ಹೊರಗೆ ತೆಗೆದು ಬಿಸಿಲಿಗೆ ಹಾಕಿ. ಕಿಟಕಿ, ಬಾಗಿಲು ತೆರೆದಿಡಿ.

2. ಸೂರಿನಿಂದ ನೆಲದವರೆಗೆ ಜೇಡರಬಲೆ, ಧೂಳು ಗುಡಿಸಿ. ಕಸವನ್ನು ತಿಪ್ಪೆಗೆ ಹಾಕದೆ ಸುಟ್ಟುಬಿಡಿ ಅಥವಾ ಆಳವಾಗಿ ಹೂಳಿ. ಇಲ್ಲವಾದರೆ ಹುಳು ಮತ್ತೆ ಮನೆಗೇ ಬರುತ್ತದೆ.

3. ಬಿರುಕು ಮತ್ತು ಇಲಿ ಬಿಲಗಳನ್ನು ಸಿಮೆಂಟಿನಿಂದ ಮುಚ್ಚಿ, ಬಳಿಕ ಗೋಡೆಗೆ ಸುಣ್ಣ ಬಳಿಯಿರಿ. ಸುಣ್ಣ ಅರಳಿಸುವಾಗ ಅದು ಕುದಿಯುವುದರಿಂದ ಮಕ್ಕಳನ್ನು ದೂರವಿಡಿ. ಕಣ್ಣಿಗೆ ಸಿಡಿದರೆ ಧಾರಾಳ ನೀರಿನಿಂದ ತೊಳೆದು ಕೂಡಲೇ ವೈದ್ಯರಲ್ಲಿಗೆ ಹೋಗಬೇಕು.

4. ಹಳೆಯ ಗೋಣಿಚೀಲಗಳನ್ನು ಒಳಮೈ ಹೊರಗೆ ಮಾಡಿ ಕೊಡವಿ, ಕುದಿಯುವ ನೀರಿನಲ್ಲಿ 15 ನಿಮಿಷ ಅದ್ದಿ, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ.

5. ಕಾಳನ್ನು ಚೆನ್ನಾಗಿ ಒಣಗಿಸಿಯೇ ತುಂಬಿರಿ. ಏಕದಳ ಧಾನ್ಯದ ತೇವಾಂಶ ಶೇಕಡಾ 12 ಮೀರಬಾರದು. ಹಲ್ಲಿನಿಂದ ಕಡಿದಾಗ ಕಾಳು ‘ಕಟ್’ ಎಂದು ಮುರಿಯಬೇಕು.

6. ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ದೂರ ಜೋಡಿಸಿ. ಹಳೆಯ ಕಾಳಿನೊಡನೆ ಹೊಸ ಕಾಳು ಬೆರೆಸಬೇಡಿ.

7. ಬಚ್ಚಲ ನೀರು ಗೋಡೆಯ ಬುಡದಲ್ಲಿ ನಿಲ್ಲದಂತೆ ಕಾಲುವೆ ತೋಡಿ ಬಾಳೆ, ತೆಂಗಿನ ಗಿಡಗಳಿಗೆ ಹರಿಸಿ.

ಜೀವಕ್ಕೆ ಕುತ್ತಾಗುವ ತಪ್ಪುಗಳು

ಬಚ್ಚಲು, ಪಾಯಿಖಾನೆ ತೊಳೆಯುವಾಗ ಬ್ಲೀಚಿಂಗ್ ಪುಡಿ ಮತ್ತು ಆಸಿಡ್ ಎರಡನ್ನೂ ಕೂಡಿಸಬೇಡಿ. ಇವು ಸೇರಿದರೆ ಕ್ಲೋರಿನ್ ಎಂಬ ವಿಷಾನಿಲ ಏಳುತ್ತದೆ. ಒಂದು ಸಲಕ್ಕೆ ಒಂದನ್ನೇ ಬಳಸಿ, ನೀರು ಹಾಕಿ ಪೂರ್ತಿ ತೊಳೆಯಿರಿ.

ಇದಕ್ಕಿಂತ ದೊಡ್ಡ ಅಪಾಯ ಕಾಳಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ. ‘ಒಂದೆರಡು ಗುಳಿಗೆ ತಾನೇ’ ಎಂದು ಮಲಗುವ ಕೋಣೆಯ ಚೀಲಗಳ ನಡುವೆ ಇಡುವವರಿದ್ದಾರೆ. ಗಾಳಿಯ ತೇವ ತಗುಲಿದರೆ ಸಾಕು, ಗುಳಿಗೆಯಿಂದ ಫಾಸ್ಫೀನ್ ಅನಿಲ ಹೊರಡುತ್ತದೆ. ಅದು ಬಾಗಿಲ ಸಂದಿನಿಂದ ಪಕ್ಕದ ಕೋಣೆಗೂ ನುಸುಳಿ, ಮಲಗಿದವರನ್ನು ಮಲಗಿದಲ್ಲೇ ಕೊಲ್ಲಬಲ್ಲದು. ಇದಕ್ಕೆ ಪ್ರತ್ಯೌಷಧವಿಲ್ಲ. ಈ ಗುಳಿಗೆ ಗಾಳಿಯಾಡದ ಗೋದಾಮಿನಲ್ಲಿ, ತರಬೇತಿ ಪಡೆದವರ ಕೈಯಲ್ಲಿ ಮಾತ್ರ ಇರತಕ್ಕದ್ದು. ಜನ ವಾಸಿಸುವ ಸೂರಿನಡಿ ಯಾವ ಕಾರಣಕ್ಕೂ ಕೂಡದು. ಅಕಸ್ಮಾತ್ ಯಾರಿಗಾದರೂ ವಾಂತಿ, ತಲೆಸುತ್ತು, ಉಸಿರುಕಟ್ಟು ಕಂಡರೆ ಎಲ್ಲರೂ ಬಯಲಿಗೆ ಬಂದು, ರೋಗಿಯನ್ನು ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು.

ಬೆಳೆಗೆ ಸಿಂಪಡಿಸಿ ಉಳಿದ ಔಷಧಿಯನ್ನೂ ಅಡಿಗೆಮನೆಯಲ್ಲಾಗಲೀ ಕಾಳಿನ ಕೋಣೆಯಲ್ಲಾಗಲೀ ಇಡದೆ, ಹೊರಗೆ ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ.

ಬಿಸಿಲು, ಗಾಳಿ, ಸುಣ್ಣ, ಪೊರಕೆ, ಕುದಿಯುವ ನೀರು ಇವು ರೈತನಿಗೆ ಸುಲಭವಾಗಿ ಸಿಗುವಂಥವು. ಇವುಗಳಿಂದ ಶುಚಿಯಾದ ಕೋಣೆಯಲ್ಲಿ ಒಣಗಿದ ಕಾಳು ಇಟ್ಟರೆ ಮನೆಗೆ ವಿಷ ತರುವ ಪ್ರಮೇಯವೇ ಬಾರದು.