ಮೊದಲು ‘ಸೋ’ ಕಲಿಸಿ, ‘ಬಿಕಾಸ್’ ಆಮೇಲೆ

‘ಇಟ್ ರೇನ್ಡ್ ಬಿಕಾಸ್ ದಿ ರೈಸಿನ್ಸ್ ಟರ್ನ್ಡ್ ಬ್ಲ್ಯಾಕ್.’ ಆರನೇ ಇಯತ್ತೆಯ ನೋಟ್‌ಬುಕ್ಕಿನಲ್ಲಿ ಇಂಥ ವಾಕ್ಯ ಕಂಡರೆ ಕೆಂಪು ಪೆನ್ನಿನಿಂದ ಗೆರೆ ಎಳೆದು ಮುಂದಿನ ಪುಟಕ್ಕೆ ಹೋಗುವುದು ಸುಲಭ. ಒಣದ್ರಾಕ್ಷಿ ಕಪ್ಪಾದದ್ದಕ್ಕೆ ಮಳೆ ಬಂತು ಎಂದು ಬಬಲೇಶ್ವರ ತಾಲ್ಲೂಕಿನ ನಿಡೋಣಿಯಲ್ಲಾಗಲಿ, ತಿಕೋಟಾದಲ್ಲಾಗಲಿ ಯಾವ ಮಗುವೂ ನಂಬಿರುವುದಿಲ್ಲ. ಕಾರಣ ಯಾವುದು, ಪರಿಣಾಮ ಯಾವುದು ಎಂಬುದು ಅದಕ್ಕೆ ಚೆನ್ನಾಗಿ ಗೊತ್ತು. ಎಡವಿದ್ದು ಇಂಗ್ಲಿಷಿನ ಕೊಂಡಿ ಪದದಲ್ಲಿ.

ಮಗು ಯೋಚಿಸುವುದು ಹೀಗೆ: ‘ಮಳಿ ಬಂತು, ಅದಕ್ಕ ಮಣೂಕ ಕರ್ರಗಾದವು.’ ಕಾರಣ ಮೊದಲು, ನಡುವೆ ಕೊಂಡಿ, ಕೊನೆಗೆ ಪರಿಣಾಮ. ‘ಬಂದದ್ದರಿಂದ’ ಎಂದರೂ ಕಾರಣ ಹೇಳುವ ತುಂಡು ಕುಳಿತುಕೊಳ್ಳುವುದು ವಾಕ್ಯದ ನಡುವೆಯೇ. ಆ ಜಾಗಕ್ಕೆ ತನಗೆ ಗೊತ್ತಿರುವ ‘ಬಿಕಾಸ್’ ತಂದು ಕೂರಿಸುತ್ತದೆ, ವಾಕ್ಯ ತಲೆಕೆಳಗಾಗುತ್ತದೆ. ನಮ್ಮ ತರಗತಿಗಳಲ್ಲಿ ಕಾರಣ–ಪರಿಣಾಮದ ಪಾಠ ‘ಬಿಕಾಸ್’ನಿಂದಲೇ ಶುರುವಾಗುವುದು ಈ ತಪ್ಪಿನ ಬೇರು ಎಂಬುದು ನನ್ನ ಅಭಿಪ್ರಾಯ. ‘ಸೋ’ ಕನ್ನಡದ ‘ಅದಕ್ಕ’ ಇರುವ ಜಾಗದಲ್ಲೇ ಕೂರುತ್ತದೆ. ಅದನ್ನು ಮೊದಲು ಕಲಿಸಿದರೆ ಅರ್ಧ ಗೊಂದಲ ಹುಟ್ಟುವುದೇ ಇಲ್ಲ. ಆರು ಮತ್ತು ಏಳನೇ ತರಗತಿಗೆ ಇದನ್ನು ಹಂತಹಂತವಾಗಿ ಮಾಡುವ ಬಗೆ ಇಲ್ಲಿದೆ. ಐದಾರು ಪೀರಿಯಡ್ ಸಾಕು.

ಶುರು ಕನ್ನಡದಲ್ಲೇ ಆಗಲಿ

ಮೊದಲ ಹತ್ತು ನಿಮಿಷ ಇಂಗ್ಲಿಷ್ ಬೇಡ. ಊರಲ್ಲಿ ಈಚೆಗೆ ನಡೆದ ಒಂದು ಸಂಗತಿ ಎತ್ತಿಕೊಳ್ಳಿ. ಬಸ್ ಬರಲಿಲ್ಲ, ವೋಲ್ಟೇಜ್ ಇಲ್ಲದೆ ಮೋಟರ್ ಸುಟ್ಟಿತು, ಇಲಿ ಕಡಿದು ಡ್ರಿಪ್ ಪೈಪು ಸೋರಿತು, ಯಾವುದಾದರೂ ಸರಿ. ದ್ರಾಕ್ಷಿ ಸುಗ್ಗಿಯಲ್ಲಿ, ಅಂದರೆ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ, ಹುಡುಕುವ ಕೆಲಸವೂ ಇಲ್ಲ. ಹಾಜರಿ ಹಾಕುವಾಗಲೇ ಪಾಠ ಸಿಗುತ್ತದೆ.

‘ನಿನ್ನಿ ಯಾಕ ಬಂದಿಲ್ಲೋ?’

‘ಮಳಿ ಬಂತ್ರಿ ಸರ.’

‘ಮಳಿ ಬಂದ್ರ ಸಾಲಿಗಿ ಬರಾಕ ಏನಾಗಿತ್ತು?’

‘ಶೆಡ್ಡಿಗಿ ತಾಡಪತ್ರಿ ಕಟ್ಟಾಕ ಹೋಗಿದ್ನಿರಿ. ಕಟ್ಟಲಿಲ್ಲಂದ್ರ ಮಣೂಕ ಹಸಿ ಹಿಡೀತಾವ್ರಿ, ಕರ್ರಗಾಗ್ತಾವ್ರಿ, ರೇಟ್ ಸಿಗಂಗಿಲ್ರಿ.’

ಈ ಒಂದು ಉತ್ತರದಲ್ಲಿ ಐದು ಕೊಂಡಿಯ ಸರಪಳಿ ಇದೆ. ಹಲಗೆಯ ಮೇಲೆ ಎರಡು ಅಂಕಣ ಮಾಡಿ, ಒಂದಕ್ಕೆ ‘ಯಾಕ?’ ಎಂದೂ ಇನ್ನೊಂದಕ್ಕೆ ‘ಏನಾತು?’ ಎಂದೂ ತಲೆಬರಹ ಕೊಡಿ. ಮಕ್ಕಳು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ನಡುವೆ ಬಾಣ ಎಳೆಯಿರಿ. ಬಾಣ ಯಾವಾಗಲೂ ಕಾರಣದಿಂದ ಪರಿಣಾಮದ ಕಡೆಗೇ ಹೋಗಬೇಕು. ಮುಂದೆ ಕೊಂಡಿ ಪದ ಬದಲಾದರೂ ಬಾಣದ ದಿಕ್ಕು ಬದಲಾಗದು. ಆಮೇಲೆ ಬೇಕಾದ ಇಂಗ್ಲಿಷ್ ಪದಗಳನ್ನು ಪಕ್ಕದಲ್ಲಿ ಬರೆಯಿರಿ: ರೇನ್, ವೆಟ್, ಬ್ಲ್ಯಾಕ್, ಕವರ್, ಪ್ರೈಸ್. ಏಳೆಂಟು ದಾಟುವುದು ಬೇಡ.

ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಭಾಷೆ ಕಲಿಸುವುದು 2007–08ರಲ್ಲಿ ಶುರುವಾಯಿತು. ಆದ್ದರಿಂದ ಆರನೆಯದಕ್ಕೆ ಬರುವ ಮಗುವಿಗೆ ಬಿಡಿ ಪದಗಳು ಸಾಕಷ್ಟು ಗೊತ್ತಿರುತ್ತವೆ. ಎರಡು ವಾಕ್ಯ ಜೋಡಿಸುವುದು ಗೊತ್ತಿರುವುದಿಲ್ಲ.

ಲಗ್ನಪತ್ರಿಕೆಯ ಹಿಂಬದಿ

ಹಳೆ ಲಗ್ನಪತ್ರಿಕೆಗಳ ಹಿಂಬದಿ ಖಾಲಿ ಇರುತ್ತದೆ, ಕಾಗದವೂ ಗಟ್ಟಿ. ಒಂದರ ಮೇಲೆ ‘ಇಟ್ ರೇನ್ಡ್’ ಎಂದೂ ಇನ್ನೊಂದರ ಮೇಲೆ ‘ದಿ ರೈಸಿನ್ಸ್ ಟರ್ನ್ಡ್ ಬ್ಲ್ಯಾಕ್’ ಎಂದೂ ದಪ್ಪಕ್ಷರದಲ್ಲಿ ಬರೆಯಿರಿ. ಬೇರೆ ಬಣ್ಣದ ಎರಡು ಚೀಟಿಯಲ್ಲಿ ‘ಸೋ’, ‘ಬಿಕಾಸ್’. ಒಂದು ಸಣ್ಣ ಚೀಟಿಯಲ್ಲಿ ಬರೀ ಅಲ್ಪವಿರಾಮ.

ಇಬ್ಬರು ಮಕ್ಕಳು ವಾಕ್ಯದ ಚೀಟಿ ಹಿಡಿದು ಹಲಗೆಯ ಮುಂದೆ ನಿಲ್ಲಲಿ. ನಡುವೆ ‘ಸೋ’ ಹಿಡಿದವಳು, ಅವಳ ಹಿಂದೆಯೇ, ಅಂದರೆ ಮಳೆಯ ಕಡೆಗೆ, ಅಲ್ಪವಿರಾಮದ ಹುಡುಗ. ತರಗತಿಯೆಲ್ಲ ಒಟ್ಟಿಗೆ ಓದಲಿ: ಇಟ್ ರೇನ್ಡ್, ಸೋ ದಿ ರೈಸಿನ್ಸ್ ಟರ್ನ್ಡ್ ಬ್ಲ್ಯಾಕ್. ಮೊದಲ ದಿನ ಇಷ್ಟೇ. ಬೇರೆ ಬೇರೆ ಜೋಡಿಗಳನ್ನು ನಿಲ್ಲಿಸಿ ‘ಸೋ’ ಬಾಯಿಪಾಠವಾಗುವಷ್ಟು ಆಡಿಸಿ. ‘ಬಿಕಾಸ್’ ಚೀಟಿ ನಿಮ್ಮ ಜೇಬಿನಲ್ಲೇ ಇರಲಿ.

ಮರುದಿನ ಅದೇ ಇಬ್ಬರನ್ನು ನಿಲ್ಲಿಸಿ ‘ಸೋ’ ತೆಗೆದು ‘ಬಿಕಾಸ್’ ಕೊಡಿ. ಇಬ್ಬರೂ ನಿಂತಲ್ಲೇ ಇರಲಿ, ಒಬ್ಬರು ಓದಲಿ. ಅರ್ಥವನ್ನು ಕನ್ನಡದಲ್ಲಿ ಹೇಳಿಸಿ. ‘ಮಣೂಕ ಕರ್ರಗಾದದ್ದಕ್ಕ ಮಳಿ ಬಂತು’ ಎಂದಾಗ ನಗು ಬಂದೇ ಬರುತ್ತದೆ. ನಕ್ಕ ಮೇಲೆ ಕೇಳಿ, ಸರಿ ಮಾಡುವುದು ಹೇಗೆ? ಯಾರೋ ಒಬ್ಬರು ‘ಇವ್ರು ಜಾಗಾ ಬದ್ಲಿ ಮಾಡ್ಬೇಕ್ರಿ’ ಎನ್ನುವವರೆಗೆ ಕಾಯಿರಿ, ನೀವೇ ಹೇಳಿಬಿಡಬೇಡಿ. ಇಬ್ಬರೂ ನಡೆದು ಜಾಗ ಬದಲಿಸಲಿ. ಅಲ್ಪವಿರಾಮದ ಹುಡುಗ ಬೆಂಚಿಗೆ ಹೋಗಿ ಕೂರಲಿ, ನಡುವೆ ಬರುವ ‘ಬಿಕಾಸ್’ಗೆ ಇಲ್ಲಿ ಅವನ ನೆರವು ಬೇಡ. ಕನ್ನಡದಲ್ಲೂ ಇದಕ್ಕೆ ಸರಿಸಾಟಿ ಉಂಟು: ‘ಮಣೂಕ ಕರ್ರಗಾದವು, ಯಾಕಂದ್ರ ಮಳಿ ಬಂತು.’ ‘ಅದಕ್ಕ’ ಎಂದರೆ ಸೋ, ‘ಯಾಕಂದ್ರ’ ಎಂದರೆ ಬಿಕಾಸ್ ಎಂದು ಗೋಡೆಯ ಮೇಲೆ ಬರೆದಿಟ್ಟರೆ ವರ್ಷಪೂರ್ತಿ ಉಪಯೋಗಕ್ಕೆ ಬರುತ್ತದೆ.

ಮೂರನೆಯ ಆಟದಲ್ಲಿ ‘ಬಿಕಾಸ್’ ಹಿಡಿದವಳು ಸಾಲಿನ ತುದಿಗೆ ಬಂದು ನಿಲ್ಲುತ್ತಾಳೆ. ಅವಳ ಹಿಂದೆ ಮಳೆ, ಆಮೇಲೆ ಬೆಂಚಿನಿಂದ ಎದ್ದು ಬಂದ ಅಲ್ಪವಿರಾಮ, ಕೊನೆಗೆ ಒಣದ್ರಾಕ್ಷಿ. ‘ಬಿಕಾಸ್’ನಿಂದ ವಾಕ್ಯ ಶುರು ಮಾಡಬಾರದು ಎಂದು ನಮಗೆ ಯಾರೋ ಹೇಳಿಕೊಟ್ಟದ್ದನ್ನು ನಾವೂ ಹೇಳಿಕೊಡುತ್ತ ಬಂದಿದ್ದೇವೆ. ಅದು ನಿಯಮವಲ್ಲ. ‘ಬಿಕಾಸ್ ಇಟ್ ರೇನ್ಡ್’ ಎಂದು ಅಲ್ಲಿಗೇ ಪೂರ್ಣವಿರಾಮ ಇಟ್ಟರೆ ಬರಹದಲ್ಲಿ ವಾಕ್ಯ ಅರ್ಧಕ್ಕೆ ನಿಲ್ಲುತ್ತದೆ, ಅಷ್ಟನ್ನು ಹೇಳಿದರೆ ಸಾಕು.

ಇದೇ ಹೊತ್ತಿಗೆ ಇನ್ನೊಂದು ತಪ್ಪು ತಲೆ ಎತ್ತುತ್ತದೆ. ‘ಬಿಕಾಸ್ ಇಟ್ ರೇನ್ಡ್, ಸೋ ದಿ ರೈಸಿನ್ಸ್...’ ಎಂದು ಎರಡೂ ಕೊಂಡಿ ಹಾಕುವುದು. ‘ಮಳಿ ಬಂದದ್ದಕ್ಕ, ಅದಕ್ಕs ಕರ್ರಗಾದವು’ ಎಂದು ಒತ್ತಿ ಹೇಳುವ ಬಾಯಿಗೆ ಅದು ಸಹಜ. ಇಬ್ಬರು ಕೊಂಡಿಯವರೂ ಸಾಲಿನಲ್ಲಿ ಬಂದು ನಿಂತರೆ ಒಬ್ಬರನ್ನು ಹೊರಗೆ ಕಳಿಸುವ ಕೆಲಸ ತರಗತಿಗೇ ಬಿಡಿ. ‘ಬಿಕಾಸ್ ಆಫ್’ ಬಗ್ಗೆ ಎರಡು ಮಾತು ಸಾಕು: ಅದರ ಮುಂದೆ ಪೂರ್ತಿ ವಾಕ್ಯ ಬರುವುದಿಲ್ಲ, ಹೆಸರು ಬರುತ್ತದೆ, ‘ಬಿಕಾಸ್ ಆಫ್ ದಿ ರೇನ್’.

ಒಂದು ‘ಯಾಕ’ ಸಾಲದು

ಏಳನೆಯ ತರಗತಿಗೆ ಸರಪಳಿ ಕೊಡಿ. ಒಣದ್ರಾಕ್ಷಿಯೇ ಸಾಕು. ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ ತೆಗೆಯುವುದನ್ನು ಇಲ್ಲಿನ ಬಹಳ ಮಕ್ಕಳು ಕಣ್ಣಾರೆ ನೋಡಿದ್ದಾರೆ. ಯಾಕೆ ಅದ್ದುತ್ತಾರೆ? ಹಣ್ಣಿನ ಸಿಪ್ಪೆಯ ಮೇಲೆ ಮೇಣದ ತೆಳು ಪದರ ಇರುತ್ತದೆ. ಮೇಣ ಇದ್ದರೆ ಒಳಗಿನ ನೀರು ಬೇಗ ಹೊರಬರದು. ಅದ್ದಿದಾಗ ಪದರ ಸಡಿಲಾಗುತ್ತದೆ, ನೀರು ಬೇಗ ಆರುತ್ತದೆ, ರ್‍ಯಾಕಿನ ಮೇಲೆ ಎರಡು ವಾರದ ಆಸುಪಾಸಿನಲ್ಲಿ ಹಣ್ಣು ಒಣಗುತ್ತದೆ. ನೀರೆಲ್ಲ ಹೋಗುವುದರಿಂದಲೇ ಸುಮಾರು ನಾಲ್ಕು ಕಿಲೊ ದ್ರಾಕ್ಷಿಗೆ ಒಂದು ಕಿಲೊ ಒಣದ್ರಾಕ್ಷಿ. ನಡುವೆ ಮಳೆಯಾಗಿ ಗಾಳಿಯಲ್ಲಿ ತೇವ ಹೆಚ್ಚಿದರೆ ಬಣ್ಣ ಕೆಡುತ್ತದೆ, ಬೂಷ್ಟು ಬರುತ್ತದೆ, ತಾಸಗಾಂವ ಪೇಟೆಗೆ ಒಯ್ದರೂ ದರ ಬೀಳುತ್ತದೆ. ಮಗು ಒಂದು ಉತ್ತರ ಕೊಟ್ಟ ಕೂಡಲೇ ಮತ್ತೊಮ್ಮೆ ‘ವೈ?’ ಎನ್ನಿ. ಪ್ರತಿ ಉತ್ತರವೂ ಮುಂದಿನ ಪ್ರಶ್ನೆಯ ಬಾಯಿ ತೆರೆಯುತ್ತದೆ. ನಾಲ್ಕು ಸಲ ಕೇಳಿದ ಮೇಲೆ ಅದು ಇಂಗ್ಲಿಷ್ ಪಾಠವೋ ವಿಜ್ಞಾನದ ಪಾಠವೋ ಎಂಬ ಅನುಮಾನ ನಿಮಗೇ ಬರಬಹುದು. ಬರಲಿ.

ದರ ಬಿದ್ದದ್ದಕ್ಕೆ ಮಳೆಯೊಂದೇ ಕಾರಣವೇ ಎಂದೂ ಕೇಳಿ. ಆವಕ ಹೆಚ್ಚಾಗಿತ್ತು, ತಾಡಪತ್ರಿ ಹರಿದಿತ್ತು, ಆಳು ಸಿಗಲಿಲ್ಲ. ಒಂದು ಉದ್ದ ಗೆರೆ ಎಳೆದು ಅದಕ್ಕೆ ಓರೆಯಾಗಿ ಒಂದೊಂದು ಕಾರಣ ಜೋಡಿಸುತ್ತ ಹೋದರೆ ಮೀನಿನ ಮುಳ್ಳಿನ ಆಕಾರ ಬರುತ್ತದೆ. ಜಪಾನಿನ ಕವೊರು ಇಶಿಕಾವಾ ಕಾರ್ಖಾನೆಗಳಲ್ಲಿ ಬಳಕೆಗೆ ತಂದ ಚಿತ್ರ ಇದು.

ಕಾಗೆ ಕೂತದ್ದು, ಟೊಂಗೆ ಮುರಿದದ್ದು

ಬಹಳ ಪಾಠಗಳು ಬಿಟ್ಟುಬಿಡುವ ಹಂತ ಇದು. ಒಂದಾದ ಮೇಲೆ ಒಂದು ನಡೆದರೆ ಮೊದಲಿನದು ಕಾರಣವಾಗಿಯೇ ತೀರುತ್ತದೆಯೇ? ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಸರಿಹೋಯಿತು ಎನ್ನುವ ಮಾತು ಮಕ್ಕಳಿಗೆ ಗೊತ್ತು. ಅದನ್ನೇ ‘ದಿ ಕ್ರೋ ಸ್ಯಾಟ್, ಸೋ ದಿ ಬ್ರ್ಯಾಂಚ್ ಬ್ರೋಕ್’ ಎಂದು ಬರೆದು ಚರ್ಚೆಗೆ ಬಿಡಿ. ಪರೀಕ್ಷೆ ಒಂದೇ: ‘ಅದು ಆಗದಿದ್ರೂ ಇದು ಆಗ್ತಿತ್ತೇನು?’ ಹೌದು ಎಂದಾದರೆ ಅಲ್ಲಿ ‘ಸೋ’ ಬೇಡ, ‘ದೆನ್’ ಸಾಕು. ಬೆಕ್ಕು ಅಡ್ಡ ಬಂದು ಬಸ್ ತಪ್ಪಿದ ಕಥೆಗಳು ಆಗ ತಾವಾಗಿಯೇ ಹೊರಬರುತ್ತವೆ. ನಂಬಿಕೆಯನ್ನು ಗೇಲಿ ಮಾಡದೆ, ಅದೇ ಪ್ರಶ್ನೆ ಕೇಳಿದರೆ ಸಾಕು.

ಜಾಣ ತರಗತಿಗೆ ಡೋಣಿ ನದಿ ಕೊಡಿ. ‘ಡೋಣಿ ಹರಿದರೆ ಓಣಿಯೆಲ್ಲ ಕಾಳು’ ಎಂಬ ಗಾದೆ ಈ ಸೀಮೆಯದು. ಎರೆ ಹೊಲ ತೊಯ್ದರೆ ಬಿಳಿಜೋಳ ಹುಲುಸಾಗುತ್ತದೆ. ಈಗಲೂ ಡೋಣಿ ಹರಿಯುತ್ತದೆ, ಆದರೆ ಪಾತ್ರದಲ್ಲಿ ಹೂಳು ತುಂಬಿ ನೀರು ಹೊಲಕ್ಕೆ ನುಗ್ಗಿ ಬೆಳೆ ಹಾಳಾಗುವುದನ್ನೂ ಸಾರವಾಡದ ಕಡೆಯ ಮಕ್ಕಳು ಕಂಡಿದ್ದಾರೆ. ಒಂದೇ ಕಾರಣ, ಎರಡು ವಿರುದ್ಧ ಪರಿಣಾಮ. ನಡುವೆ ಏನು ಬದಲಾಯಿತು ಎಂಬುದನ್ನು ಗುಂಪಿನಲ್ಲಿ ಕೂತು ಹುಡುಕಲಿ.

ಓದು, ಬರಹ, ಅಂಕ

ಪಠ್ಯಪುಸ್ತಕದ ಗದ್ಯದಲ್ಲಿ ಕೊಂಡಿ ಪದ ಬಹಳ ಸಲ ಇರುವುದೇ ಇಲ್ಲ. ಆದ್ದರಿಂದ ಕೊಂಡಿಯಿಲ್ಲದ ನಾಲ್ಕು ಸಾಲು ನೀವೇ ಬರೆಯಿರಿ. ‘ಮಮದಾಪುರ ಲೇಕ್ ವಾಸ್ ಡ್ರೈ. ಕೃಷ್ಣಾ ವಾಟರ್ ಕೇಮ್ ಟು ದಿ ಲೇಕ್. ದಿ ವೆಲ್ಸ್ ಫಿಲ್ಡ್. ಫಾರ್ಮರ್ಸ್ ಪ್ಲ್ಯಾಂಟೆಡ್ ನ್ಯೂ ಕ್ರಾಪ್ಸ್.’ ಆದಿಲ್‌ಶಾಹಿ ಕಾಲದ ಆ ಕೆರೆ ಮಕ್ಕಳಿಗೆ ಗುರುತಿರುವುದೇ. ಎರಡು ವಾಕ್ಯಗಳ ನಡುವೆ ‘ಸೋ’ ಎಲ್ಲಿ ಹಿಡಿಸುತ್ತದೆ, ಎಲ್ಲಿ ಹಿಡಿಸುವುದಿಲ್ಲ ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಲಿ. ಮೊದಲ ಎರಡರ ನಡುವೆ ಜಗಳ ಆಗುತ್ತದೆ. ಕೆರೆ ಬತ್ತಿದ್ದಕ್ಕೆ ನೀರು ತಂದರೋ, ಬತ್ತಿತ್ತು, ಆಮೇಲೆ ನೀರು ಬಂತೋ? ಎರಡಕ್ಕೂ ವಾದ ಇದೆ; ಕಾರಣ ಕೊಟ್ಟ ಎರಡೂ ಗುಂಪಿಗೆ ಅಂಕ ಕೊಡಿ.

ಕೊನೆಯ ಬರಹಕ್ಕೆ ಮನೆಯ ಹಿರಿಯರೊಬ್ಬರನ್ನು ಕೇಳಿಕೊಂಡು ಬರಲು ಹೇಳಿ: ನೀವು ಮೊದಲು ಬೆಳೆಯುತ್ತಿದ್ದ ಯಾವ ಬೆಳೆ ಬಿಟ್ಟಿರಿ, ಯಾಕ? ಅಜ್ಜ ಕನ್ನಡದಲ್ಲೇ ಹೇಳಲಿ, ಮಗು ಐದು ವಾಕ್ಯ ಇಂಗ್ಲಿಷಿನಲ್ಲಿ ಬರೆಯಲಿ. ಒಂದು ‘ಸೋ’, ನಡುವೆ ಬರುವ ಒಂದು ‘ಬಿಕಾಸ್’, ಮೊದಲಿಗೆ ಬರುವ ಒಂದು ‘ಬಿಕಾಸ್’ ಇರಲೇಬೇಕು. ತಿದ್ದುವಾಗ ಬಾಣದ ದಿಕ್ಕು ಮೊದಲು ನೋಡಿ, ಆಮೇಲೆ ಕೊಂಡಿ, ಆಮೇಲೆ ಅಲ್ಪವಿರಾಮ. ದಿಕ್ಕು ತಪ್ಪಿದ್ದರೆ ಮಗುವನ್ನು ಕರೆದು ಚೀಟಿಗಳನ್ನು ಕೈಗೆ ಕೊಡಿ, ತಾನೇ ಜೋಡಿಸಿಕೊಳ್ಳಲಿ. ಸ್ಪೆಲ್ಲಿಂಗ್ ತಪ್ಪಿಗೆ ಈ ಸಲ ಅಂಕ ಕಳೆಯುವುದು ಬೇಡ, ಅಡಿಗೆರೆ ಎಳೆದು ಬಿಡಿ.