ಚಾವಿ ಯಾರಿಗೆ, ಗಂಟೆ ಯಾರಿಗೆ: ಜಾಲ ನಿಗಾ ತಂತ್ರಾಂಶದ ಒಂದು ಪಾಠ, ಮೂರು ತರಗತಿ

ಅಭ್ಯಾಸ ಬೋಧನೆಯ ಅವಧಿಯಲ್ಲಿ ಬೀದರ್ ನಗರ, ಭಾಲ್ಕಿ ಮತ್ತು ಔರಾದ್‌ನ ಮೂರು ಪ್ರೌಢಶಾಲೆಗಳ 9ನೇ ತರಗತಿಗೆ ನಾನು ಒಂದೇ ವಿಷಯವನ್ನು ಬೋಧಿಸಿದೆ. ಕಂಪ್ಯೂಟರ್ ಜಾಲವನ್ನು ಕಾಯುವ ತಂತ್ರಾಂಶದೊಳಗೆ ಯಾರಿಗೆ ಎಷ್ಟು ಪ್ರವೇಶ ಕೊಡಬೇಕು, ಏನಾದರೂ ಕೆಟ್ಟಾಗ ಎಚ್ಚರಿಕೆ ಯಾರಿಗೆ, ಯಾವಾಗ ಹೋಗಬೇಕು ಎಂಬುದು ವಿಷಯ. ಇದು ಪಠ್ಯಪುಸ್ತಕದ ಘಟಕವಲ್ಲ. ಐಸಿಟಿ ತರಗತಿಗೆ ಪೂರಕವಾಗಿ ಆರಿಸಿಕೊಂಡದ್ದು. ಒಂದೇ ಪಾಸ್‌ವರ್ಡನ್ನು ಇಡೀ ಲ್ಯಾಬ್ ಬಳಸುವುದು, ಯಂತ್ರ ಕೆಟ್ಟರೆ ತಿಂಗಳಾದರೂ ಹೇಳಬೇಕಾದವರಿಗೆ ಹೇಳದಿರುವುದು, ಇವೆರಡನ್ನೂ ಮಕ್ಕಳು ದಿನವೂ ನೋಡುತ್ತಾರೆ. ಆದ್ದರಿಂದ ವಿಷಯ ಹೊಸದಾದರೂ ಅದರ ಹಿಂದಿನ ಸಮಸ್ಯೆ ಅವರಿಗೆ ಹಳೆಯದೇ.

ಪಾಠ ಯೋಜನೆಯನ್ನು 5ಇ ಮಾದರಿಯಲ್ಲಿ ಬರೆದಿದ್ದೆ. ತೊಡಗಿಸಿಕೊಳ್ಳುವ ಹಂತಕ್ಕೆ ಬೀದರ್ ನಗರದಲ್ಲಿ ಚೌಬಾರಾ ಸಿದ್ಧವಾಗಿಯೇ ಇತ್ತು. ನಗರದ ನಡುವೆ 71 ಅಡಿ ಎತ್ತರಕ್ಕೆ ನಿಂತಿರುವ ಆ ದುಂಡನೆಯ ಕಾವಲು ಗೋಪುರದ ಕೆಳಗೆ ದಿನವೂ ಓಡಾಡುವ ಮಕ್ಕಳಿಗೆ ಎರಡೇ ಪ್ರಶ್ನೆ ಕೇಳಿದೆ. ಮೇಲೆ ಹತ್ತಲು ಯಾರನ್ನು ಬಿಡಬೇಕು? ದೂರದಲ್ಲಿ ಧೂಳೆದ್ದರೆ ಕಾವಲುಗಾರ ಊರಿಗೆಲ್ಲ ಕೂಗಬೇಕೋ, ಕೋಟೆಗೆ ಮಾತ್ರ ಹೇಳಬೇಕೋ? ಹತ್ತು ನಿಮಿಷ ತರಗತಿ ತಾನೇ ನಡೆಯಿತು. "ದನ ಬಂದರೂ ಧೂಳು ಏಳ್ತದ ಟೀಚರ್" ಎಂದ ಒಬ್ಬ ಹುಡುಗನ ಮಾತು ಮುಂದಿನ ಎರಡೂ ಶಾಲೆಗಳಲ್ಲಿ ನನಗೆ ಉದಾಹರಣೆಯಾಯಿತು. ಭಾಲ್ಕಿಯಲ್ಲಿ ಚೌಬಾರಾದ ಜಾಗಕ್ಕೆ ಅದೇ ತಾಲ್ಲೂಕಿನ ಬ್ಯಾಲಹಳ್ಳಿಯ ಕಾರಂಜಾ ಜಲಾಶಯ ಬಂತು. ನೀರಿನ ಮಟ್ಟವನ್ನು ಯಾರು ಬೇಕಾದರೂ ನೋಡಲಿ, ಗೇಟು ಎತ್ತುವವರು ಯಾರು? ಎತ್ತುವ ಮೊದಲು ನದಿಪಾತ್ರದ ಊರುಗಳಿಗೆ ತಿಳಿಸುವವರು ಯಾರು? ನೋಡುವ ಅಧಿಕಾರ, ಮಾಡುವ ಅಧಿಕಾರ, ತಿಳಿಯುವ ಹಕ್ಕು ಎಂಬ ಮೂರನ್ನೂ ಕಪ್ಪು ಹಲಗೆಯ ಮೇಲೆ ಬೇರೆ ಬೇರೆ ಬರೆಯಲು ಇಷ್ಟು ಸಾಕಾಯಿತು.

ಅನ್ವೇಷಣೆಗೆ ಎರಡು ಕಂಪ್ಯೂಟರ್, ಒಂದು ಸ್ವಿಚ್. ಒಂದರಿಂದ ಇನ್ನೊಂದಕ್ಕೆ ಪಿಂಗ್ ಕೊಟ್ಟು, ನಡುವೆ ಕೇಬಲ್ ಕಿತ್ತೆ. ಉತ್ತರ ನಿಂತಿತು. ನಿಗಾ ತಂತ್ರಾಂಶ ಮೂಲತಃ ಮಾಡುವುದೂ ಇದನ್ನೇ: ಪ್ರತಿ ಯಂತ್ರವನ್ನೂ ನಿಗದಿತ ಅಂತರದಲ್ಲಿ ಕೇಳುತ್ತದೆ, ಉತ್ತರವನ್ನು ಬರೆದಿಡುತ್ತದೆ, ಉತ್ತರ ಕೆಟ್ಟರೆ ಯಾರಿಗೋ ಹೇಳುತ್ತದೆ. 1999ರಲ್ಲಿ ಬಂದ ನಾಗಿಯೋಸ್, 2001ರಲ್ಲಿ ಬಂದ ಜ್ಯಾಬಿಕ್ಸ್ ಎರಡೂ ಈ ಕೆಲಸಕ್ಕಾಗಿಯೇ ಇರುವ ಮುಕ್ತ ತಂತ್ರಾಂಶಗಳು. ನನ್ನ ಲ್ಯಾಪ್‌ಟಾಪಿನಲ್ಲಿ ಜ್ಯಾಬಿಕ್ಸ್ ಇತ್ತು. ಹತ್ತಿರದ ಉದಾಹರಣೆ ಕೇಳಿದವರಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳನ್ನು ಹೇಳಿದೆ. ಗ್ರಾಮ ಪಂಚಾಯಿತಿ ಮಟ್ಟದ ಆ ಮಾಪಕಗಳು ಪ್ರತಿ 15 ನಿಮಿಷಕ್ಕೊಮ್ಮೆ ತಾವೇ ಮಾಹಿತಿ ಕಳುಹಿಸುತ್ತವೆ.

ಪ್ರವೇಶದ ಭಾಗ. ಜ್ಯಾಬಿಕ್ಸ್‌ನಲ್ಲಿ ಬಳಕೆದಾರ, ಅಡ್ಮಿನ್, ಸೂಪರ್ ಅಡ್ಮಿನ್ ಎಂಬ ಮೂರು ಬಗೆಗಳಿವೆ. ಅನುಮತಿಯನ್ನು ಒಬ್ಬೊಬ್ಬರಿಗೆ ಬಿಡಿಯಾಗಿ ಕೊಡುವುದಿಲ್ಲ; ಬಳಕೆದಾರರ ಗುಂಪಿಗೆ, ಯಂತ್ರಗಳ ಗುಂಪಿನ ಮೇಲೆ ಕೊಡುತ್ತೇವೆ: ಓದಲು, ಓದಿ ಬರೆಯಲು, ಅಥವಾ ನಿರಾಕರಣೆ. ಒಬ್ಬರೇ ಎರಡು ಗುಂಪಿನಲ್ಲಿದ್ದು ಒಂದರಲ್ಲಿ ಅನುಮತಿ, ಇನ್ನೊಂದರಲ್ಲಿ ನಿರಾಕರಣೆ ಇದ್ದರೆ ನಿರಾಕರಣೆಯೇ ಗೆಲ್ಲುತ್ತದೆ. ಸೂಪರ್ ಅಡ್ಮಿನ್‌ಗೆ ಈ ಯಾವ ತಡೆಯೂ ಇಲ್ಲ. ಆದ್ದರಿಂದಲೇ ಆ ಖಾತೆ ಬಹಳ ಜನರ ಕೈಯಲ್ಲಿರಬಾರದು.

ನಾನು ಎದುರು ನೋಡದ ಚರ್ಚೆ ಎದ್ದದ್ದು ಭಾಲ್ಕಿಯಲ್ಲಿ. "ಬರೇ ನೋಡೋದಕ್ಕ ಏನು ತೊಂದ್ರಿ ಟೀಚರ್, ಎಲ್ಲಾರೂ ನೋಡ್ಲಿ" ಎಂದು ಒಬ್ಬ ಹುಡುಗ. "ನಾನು ಯಾವಾಗ ಲ್ಯಾಬಿನಾಗ ಕೂತೀನಿ ಅಂತ ಇವನು ಯಾಕ ನೋಡ್ಬೇಕು?" ಎಂದು ಹಿಂದಿನ ಬೆಂಚಿನ ಹುಡುಗಿ. ಯಂತ್ರ ನಡೆಯುತ್ತಿದೆಯೇ, ಡಿಸ್ಕ್ ಎಷ್ಟು ತುಂಬಿದೆ, ಎಷ್ಟು ದತ್ತಾಂಶ ಹರಿಯಿತು ಎಂಬುದನ್ನು ಇಂಥ ತಂತ್ರಾಂಶ ತೋರಿಸುತ್ತದೆ; ಯಾರು ಏನು ಓದಿದರು ಎಂಬುದು ಸಾಮಾನ್ಯವಾಗಿ ಅದರ ಕೆಲಸವಲ್ಲ. ಆದರೆ ಯಾವ ಯಂತ್ರ ಯಾವ ವೇಳೆಯಲ್ಲಿ ಚಾಲೂ ಇತ್ತು ಎಂಬುದಷ್ಟೇ ತಿಳಿದರೂ, ಆ ಯಂತ್ರದಲ್ಲಿ ಕೂರುವವರ ದಿನಚರಿ ತಿಳಿದಂತೆ. ಜಾಲದ ಪೂರ್ತಿ ನಕ್ಷೆ ಕಂಡವನಿಗೆ ಕನ್ನ ಎಲ್ಲಿ ಕೊರೆಯಬೇಕೆಂಬುದೂ ಕಾಣುತ್ತದೆ. ಹುಡುಗಿಯ ಪ್ರಶ್ನೆಗೆ ನಾನು ಹತ್ತು ನಿಮಿಷ ಕೊಟ್ಟೆ. ವೀಕ್ಷಣೆ ಮಾಡಿದ ಉಪನ್ಯಾಸಕರು ಅದನ್ನು ವಿಷಯಾಂತರ ಎಂದು ಗುರುತಿಸಿದರು. ನನ್ನ ಅಭಿಪ್ರಾಯದಲ್ಲಿ ಪಾಠದ ತಿರುಳೇ ಅದು.

ಶಿಕ್ಷಕರಿಗೆ ಮುಖ್ಯವಾದ ಇನ್ನೊಂದು ಅಂಶ ವರ್ಗಾವಣೆ. ಲ್ಯಾಬ್ ನೋಡಿಕೊಳ್ಳುವವರು ಬೇರೆ ಊರಿಗೆ ಹೋಗುವಾಗ ಕೋಣೆಯ ಚಾವಿ, ಸ್ಟಾಕ್ ರಿಜಿಸ್ಟರ್ ಒಪ್ಪಿಸಿ ಹೋಗುತ್ತಾರೆ. ಖಾತೆ ಮಾತ್ರ ಹಾಗೆಯೇ ಉಳಿಯುತ್ತದೆ, ಎಚ್ಚರಿಕೆಗಳು ಅವರ ಫೋನಿಗೇ ಹೋಗುತ್ತಿರುತ್ತವೆ. ಚಾರ್ಜ್ ಪಟ್ಟಿಯಲ್ಲಿ ಖಾತೆಗೂ ಒಂದು ಸಾಲು ಇರಬೇಕೆಂದು ಮಕ್ಕಳೇ ಹೇಳಿದರು.

ಎಚ್ಚರಿಕೆಯ ಭಾಗ ಔರಾದ್‌ನಲ್ಲಿ ಚೆನ್ನಾಗಿ ಬಂತು. ಹತ್ತು ಮಕ್ಕಳು ಕಂಪ್ಯೂಟರ್, ಒಬ್ಬಳು ಸ್ವಿಚ್, ಒಬ್ಬ ಲ್ಯಾಬ್ ಶಿಕ್ಷಕ. ಸ್ವಿಚ್ ಕೆಳಗೆ ಕೂತಳು. ಅವಳ ಹಿಂದಿರುವ ಹತ್ತೂ ಜನರಿಗೆ ದಾರಿ ಇಲ್ಲ, ಎಲ್ಲರೂ "ಕೆಟ್ಟಿದೆ" ಎಂಬ ಚೀಟಿ ಕೊಟ್ಟರು. ಲ್ಯಾಬ್ ಶಿಕ್ಷಕನ ಕೈಯಲ್ಲಿ 11 ಚೀಟಿ. ಎರಡನೇ ಸುತ್ತಿಗೆ ಒಂದು ನಿಯಮ ಸೇರಿಸಿದೆವು: ಸ್ವಿಚ್ ಬಿದ್ದಿದ್ದರೆ ಅದರ ಹಿಂದಿನವರು ಚೀಟಿ ಕೊಡಬಾರದು. ಒಂದೇ ಚೀಟಿ ಬಂತು. ಇದನ್ನೇ ಅವಲಂಬನೆ ಎನ್ನುತ್ತಾರೆ. ಮೂರನೇ ಸುತ್ತಿನಲ್ಲಿ ಕರೆಂಟ್ ಕ್ಷಣಕ್ಕೆ ಹೋಗಿ ಬಂದಂತೆ ಮಾಡಿದೆವು. ಪ್ರತಿ ಮಿಡುಕಿಗೂ ಚೀಟಿ ಬಂದರೆ ಶಿಕ್ಷಕ ಓದುವುದನ್ನೇ ಬಿಡುತ್ತಾನೆ, ಕೊನೆಗೆ ನಿಜವಾದ ಚೀಟಿಯೂ ಅದರಲ್ಲೇ ಹೂತುಹೋಗುತ್ತದೆ. ನಾಗಿಯೋಸ್‌ನಲ್ಲಿ ಮೊದಲ ವೈಫಲ್ಯವನ್ನು ಮೃದು ಸ್ಥಿತಿ ಎಂದು ಕರೆದು, ನಿಗದಿತ ಸಲ ಮತ್ತೆ ಪರೀಕ್ಷಿಸಿ, ಆಗಲೂ ಉತ್ತರವಿಲ್ಲದಿದ್ದರೆ ಮಾತ್ರ ಗಟ್ಟಿ ಸ್ಥಿತಿಗೆ ತಂದು ಸಂದೇಶ ಕಳುಹಿಸುತ್ತದೆ. ಬೆಲೆ ಎಂದರೆ ತಡ: ನಿಮಿಷಕ್ಕೊಮ್ಮೆಯಂತೆ ಮೂರು ಸಲ ನೋಡಿದರೆ ಸಂದೇಶ ಸುಮಾರು ಮೂರು ನಿಮಿಷ ತಡವಾಗಬಹುದು. ಆ ತಡ ಲ್ಯಾಬಿಗೆ ನಡೆದೀತು, ಆಸ್ಪತ್ರೆಗೆ ನಡೆಯದು ಎಂದು ಮಕ್ಕಳು ವಾದಿಸಿದರು.

ಮಿತಿಯ ಲೆಕ್ಕವೂ ಇದೇ ಜಾತಿಯದು. ಡಿಸ್ಕ್ ಶೇ. 90 ದಾಟಿದರೆ ಎಚ್ಚರಿಕೆ ಎಂದಿದ್ದರೆ, 89, 91, 89, 91 ಎಂದು ತೂಗಾಡುವ ಡಿಸ್ಕ್ ದಿನವಿಡೀ ಕೂಗುತ್ತದೆ. ಕೂಗು 90ಕ್ಕೆ ಶುರುವಾಗಲಿ, 80ಕ್ಕಿಂತ ಕೆಳಗಿಳಿದ ಮೇಲೇ ನಿಲ್ಲಲಿ ಎಂದರೆ ಒಂದೇ ಕೂಗು.

ಆಗ ಒಬ್ಬ ಹುಡುಗಿ ಕೇಳಿದಳು: "ಲೈನೇ ಹೋದ್ಮ್ಯಾಲ ಮೆಸೇಜ್ ಹ್ಯಾಂಗ ಬರ್ತದ್ ಟೀಚರ್?" ಇಂಟರ್ನೆಟ್ ಬಿದ್ದಿದೆ ಎಂಬ ಮಿಂಚಂಚೆ ಅದೇ ಇಂಟರ್ನೆಟ್ ಮೂಲಕ ಹೊರಡಲಾರದು. ಮೊಬೈಲ್ ಸಿಮ್ ಇರುವ ಮೋಡೆಮ್‌ನಿಂದ ಎಸ್‌ಎಂಎಸ್, ಇಲ್ಲವೇ ಲ್ಯಾಬಿನಲ್ಲೇ ಬಾರಿಸುವ ಗಂಟೆ ಬೇಕು. ಕಾಯುವ ಯಂತ್ರವೇ ಬಿದ್ದರೆ? ಅದನ್ನು ಕಾಯಲು ಹೊರಗೆ ಇನ್ನೊಂದಿರಬೇಕು.

ಪ್ರವೇಶ ಮತ್ತು ಎಚ್ಚರಿಕೆ ಎರಡು ಬೇರೆ ಪಾಠಗಳಲ್ಲ ಎಂಬುದನ್ನು ವಿಸ್ತರಣೆಯ ಹಂತದಲ್ಲಿ ತೋರಿಸಿದೆ. ಜ್ಯಾಬಿಕ್ಸ್‌ನಲ್ಲಿ ಒಂದು ಯಂತ್ರವನ್ನು ಕನಿಷ್ಠ ಓದುವ ಅನುಮತಿ ಇಲ್ಲದವರ ಹೆಸರನ್ನು ಎಚ್ಚರಿಕೆಯ ಪಟ್ಟಿಗೆ ಸೇರಿಸಿದರೂ ಅವರಿಗೆ ಸಂದೇಶ ಹೋಗುವುದಿಲ್ಲ. ಮುಖ್ಯೋಪಾಧ್ಯಾಯರಿಗೆ 30 ನಿಮಿಷದ ಬಳಿಕ ತಿಳಿಯಬೇಕೆಂದು ಹಂತ ಹಾಕಿದ್ದರೆ, ಅವರಿಗೆ ಓದುವ ಅನುಮತಿಯೂ ಇದೆಯೇ ಎಂದು ನೋಡಲೇಬೇಕು. ಸಂದೇಶವನ್ನು ಒಪ್ಪಿಕೊಳ್ಳುವುದೂ ಯಂತ್ರ ದುರಸ್ತಿಯಾಗುವುದೂ ಬೇರೆ ಬೇರೆ. "ನೋಡಿದ್ದೇನೆ" ಎಂದು ಒತ್ತಿದವರ ಹೆಸರು ದಾಖಲಾಗುತ್ತದೆ, ಅಷ್ಟೇ. ಮೌಲ್ಯಮಾಪನದಲ್ಲಿ ಹೆಚ್ಚಿನ ಮಕ್ಕಳು ಎಡವಿದ್ದು ಇಲ್ಲೇ. ಹಾಗಾಗಿ ಎರಡು ಬಣ್ಣದ ಚೀಟಿ ಮಾಡಿದೆ, ಹಳದಿ ಒಪ್ಪಿಗೆಗೆ, ಹಸಿರು ದುರಸ್ತಿಗೆ.

ಈ ಪಾಠ ತೆಗೆದುಕೊಳ್ಳುವ ಸಹಪಾಠಿಗಳಿಗೆ: 40 ನಿಮಿಷದ ಒಂದು ಅವಧಿಯಲ್ಲಿ ಮುಗಿಯದು, ಎರಡು ಬೇಕು. ಲ್ಯಾಬ್ ಇಲ್ಲದಿದ್ದರೂ ಚೀಟಿಯ ಆಟ ನಡೆಯುತ್ತದೆ. ಚೀಟಿಗಳ ಕಟ್ಟು ಮತ್ತು ಪಾತ್ರಗಳ ಪಟ್ಟಿಯನ್ನು ಕಾಲೇಜಿನ ಬೋಧನೋಪಕರಣ ಕೊಠಡಿಯಲ್ಲಿ ಇಟ್ಟಿದ್ದೇನೆ; ಹಸಿರು ಚೀಟಿ ಕಡಿಮೆ ಇವೆ, ಬೇಕಾದವರು ಕತ್ತರಿಸಿಕೊಳ್ಳಿ.