ಸಾಲದ ಕಾಗದಕ್ಕೆ ಸಹಿ ಹಾಕುವವರಿಗೆ ಮನೆಯ ಲೆಕ್ಕ ಗೊತ್ತಿರಲಿ

‘ನೀನು ಓದು, ದುಡ್ಡಿನ ಚಿಂತೆ ನಮಗಿರಲಿ.’ ಪಿಯುಸಿ ಫಲಿತಾಂಶ ಬಂದು ಸಿಇಟಿ ರ್‍ಯಾಂಕ್ ಕೈಗೆ ಸಿಗುವ ದಿನಗಳಲ್ಲಿ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಕೇಳಿಬರುವ ಮಾತಿದು. ಹೇಳುವವರ ಪ್ರೀತಿಯಲ್ಲಿ ಸಂಶಯವಿಲ್ಲ. ಅಡಕೆ ಮಾರಿದ ದುಡ್ಡು, ಅವಧಿಗೆ ಮೊದಲೇ ಕೂಗಿ ಎತ್ತಿದ ಚೀಟಿ, ಅಡವಿಟ್ಟ ಬಳೆ ಎಲ್ಲವೂ ಆ ಮಾತಿನ ಹಿಂದಿರುತ್ತವೆ. ಆದರೂ ಈ ಮಾತು ಮಕ್ಕಳಿಗೆ ಒಳ್ಳೆಯದು ಮಾಡುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಭೌತಶಾಸ್ತ್ರ, ಗಣಿತಕ್ಕೆ ಎರಡು ವರ್ಷ ತಯಾರಿ ಮಾಡಿಸುತ್ತೇವೆ. ಮುಂದಿನ ಓದಿಗೆ ಎಷ್ಟು ಖರ್ಚು, ಅದು ಎಲ್ಲಿಂದ ಬರುತ್ತದೆ, ಕೊನೆಗೆ ಯಾರು ತೀರಿಸಬೇಕು ಎಂದು ಮಾತಾಡಲು ಒಂದು ಸಂಜೆಯನ್ನೂ ಕೊಡುವುದಿಲ್ಲ. ಆಪ್ಷನ್ ಎಂಟ್ರಿಗೆ ಕೂರುವ ಮೊದಲೇ ಮನೆಯ ಲೆಕ್ಕವನ್ನು ಮಕ್ಕಳ ಮುಂದೆ ಪೂರ್ತಿ ಬಿಚ್ಚಿಡಬೇಕು.

ಏಕೆಂದರೆ ಆ ಲೆಕ್ಕ ನಾಳೆ ಅವರ ಹೆಗಲಿಗೇ ಬರುತ್ತದೆ. ಶಿಕ್ಷಣ ಸಾಲದಲ್ಲಿ ವಿದ್ಯಾರ್ಥಿಯೇ ಸಾಲಗಾರ, ಅಪ್ಪ ಅಥವಾ ಅಮ್ಮ ಸಹ-ಸಾಲಗಾರರು. ಕಂತು ತಪ್ಪಿದರೆ ಸಿಬಿಲ್ ದಾಖಲೆಯಲ್ಲಿ ಕೆಡುವುದು ಇಬ್ಬರ ಹೆಸರೂ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ ಎಂದು ಬ್ಯಾಂಕಿನವರು ಹೇಳುವುದನ್ನು ಅನೇಕರು ಅಲ್ಲಿಯವರೆಗೆ ಬಡ್ಡಿಯೂ ಇಲ್ಲ ಎಂದು ತಿಳಿದುಕೊಳ್ಳುತ್ತಾರೆ. ಬಡ್ಡಿ ಮೊದಲ ದಿನದಿಂದಲೇ ಓಡುತ್ತಿರುತ್ತದೆ. ನಾಲ್ಕು ವರ್ಷದ ಎಂಜಿನಿಯರಿಂಗ್‌ಗೆ ವರ್ಷಕ್ಕೆ 1 ಲಕ್ಷದಂತೆ ಶೇ 10ರ ಬಡ್ಡಿಯಲ್ಲಿ ಸಾಲ ಪಡೆದರು ಎಂದಿಟ್ಟುಕೊಳ್ಳಿ. ಕಂತಿಲ್ಲದ ಈ ಐದು ವರ್ಷಕ್ಕೆ ಸರಳ ಬಡ್ಡಿ. ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ 50,000, ಎರಡನೆಯದಕ್ಕೆ 40,000, ಆಮೇಲಿನವಕ್ಕೆ 30,000 ಮತ್ತು 20,000. ಕಂತು ಶುರುವಾಗುವ ಹೊತ್ತಿಗೆ 4 ಲಕ್ಷದ ಸಾಲ 5.40 ಲಕ್ಷವಾಗಿ ನಿಂತಿರುತ್ತದೆ. ಹತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 7,136 ರೂಪಾಯಿ. ಅದೇ ಬಡ್ಡಿಯನ್ನು ಆಗಿಂದಾಗ್ಗೆ ಕಟ್ಟುತ್ತಾ ಹೋದರೆ ಕಂತು 5,286ಕ್ಕೆ ಇಳಿಯುತ್ತದೆ, ಒಟ್ಟಾರೆ 80 ಸಾವಿರಕ್ಕೂ ಹೆಚ್ಚು ಉಳಿಯುತ್ತದೆ. ಮೊದಲ ವರ್ಷ ಹಾಗೆ ಕಟ್ಟಬೇಕಾದದ್ದು ತಿಂಗಳಿಗೆ 833 ರೂಪಾಯಿ. ಹದಿನೆಂಟರ ಹುಡುಗನಿಗೆ ಈ 833ರ ಅರ್ಥ ಖಂಡಿತ ತಿಳಿಯುತ್ತದೆ, ಅವನ ಫೋನಿನಿಂದ ಯುಪಿಐನಲ್ಲಿ ತಿಂಗಳಿಗೆ ಅದಕ್ಕಿಂತ ಹೆಚ್ಚು ಹೋಗುತ್ತಿರಬಹುದು. ಆದರೆ ಅವನಿಗೆ ಯಾರೂ ಹೇಳಿರುವುದಿಲ್ಲ.

ಕಾಲೇಜು ಆರಿಸುವಾಗಲೂ ಇದೇ ಕತೆ. ಕೆಇಎ ಪಟ್ಟಿಯಲ್ಲಿ ಕಾಣುವ ಶುಲ್ಕವನ್ನಷ್ಟೇ ನೋಡಿ ‘ಇಷ್ಟಾದರೆ ಹೊಂದಿಸಬಹುದು’ ಎಂದು ಮನೆಯವರು ತೀರ್ಮಾನಿಸುತ್ತಾರೆ. ಹಾಸ್ಟೆಲ್ ಠೇವಣಿ, ಮೆಸ್ ಮುಂಗಡ, ಲ್ಯಾಪ್‌ಟಾಪ್, ಪ್ರಾಜೆಕ್ಟ್ ಖರ್ಚು, ಹಬ್ಬಕ್ಕೆ ಊರಿಗೆ ಬಂದುಹೋಗುವ ಬಸ್ ಚಾರ್ಜು ಆ ಪಟ್ಟಿಯಲ್ಲಿರುವುದಿಲ್ಲ. ಬೆಂಗಳೂರಿನಲ್ಲಿ ಪಿ.ಜಿ. ಹಿಡಿದರೆ ಅಡ್ವಾನ್ಸ್ ಬೇರೆ, ಬಿಡುವಾಗ ಅದರಲ್ಲಿ ಮೇಂಟೆನೆನ್ಸ್ ಎಂದು ಮುರಿದುಕೊಳ್ಳುವುದು ಬೇರೆ. ಊರಿನ ಹತ್ತಿರದ ಕಾಲೇಜಿಗೂ ರಾಜಧಾನಿಯ ಕಾಲೇಜಿಗೂ ಇರುವ ನಿಜವಾದ ವ್ಯತ್ಯಾಸ ಊಟ-ವಸತಿಯ ಕಾಲಂನಲ್ಲಿ ಅಡಗಿರುತ್ತದೆ. ಸೀಟು ಹಂಚಿಕೆಯಾದ ಮೇಲೆ ಚಾಯ್ಸ್ ಒಂದೋ ಎರಡೋ ಎಂದು ಹೇಳಲು ಸಿಗುವುದು ಕೆಲವೇ ದಿನ. ಆ ಗಡಿಬಿಡಿಯಲ್ಲಿ ನಾಲ್ಕು ವರ್ಷದ ಲೆಕ್ಕ ಹಾಕಲು ಯಾರಿಂದಲೂ ಆಗದು.

ಸರ್ಕಾರದ ನೆರವಿನ ವಿಚಾರದಲ್ಲಂತೂ ವಿದ್ಯಾರ್ಥಿಗೇ ತಿಳಿವಳಿಕೆ ಇರಬೇಕು. ಕುಟುಂಬದ ಆದಾಯ ವರ್ಷಕ್ಕೆ 4.5 ಲಕ್ಷದೊಳಗಿದ್ದು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ವೃತ್ತಿಪರ ಕೋರ್ಸ್ ಓದುವವರಿಗೆ ಮೇಲೆ ಹೇಳಿದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆಯಿದೆ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿಯಡಿ ಆಯ್ದ ಉನ್ನತ ಸಂಸ್ಥೆಗಳಲ್ಲಿ ಸೀಟು ಸಿಕ್ಕವರಿಗೆ ಅಡಮಾನ, ಜಾಮೀನು ಇಲ್ಲದೆ ಸಾಲ ಸಿಗುತ್ತದೆ. ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರಷ್ಟು ಬಡ್ಡಿ ರಿಯಾಯಿತಿ ಪಡೆಯಲೂ ಅವಕಾಶವಿದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ರಾಜ್ಯದ ವಿದ್ಯಾಸಿರಿ ತಿಂಗಳಿಗೆ 1,500ರಂತೆ ಹತ್ತು ತಿಂಗಳು ಕೊಡುತ್ತದೆ. ಇವೆಲ್ಲ ತಾವಾಗಿ ಬಂದು ಬಾಗಿಲು ತಟ್ಟುವುದಿಲ್ಲ. ನಾಡಕಚೇರಿಯ ಆದಾಯ ಪ್ರಮಾಣಪತ್ರ, ಅದರ ಮೇಲಿನ ಆರ್‌ಡಿ ನಂಬರು, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ, ಎಲ್ಲ ಕಡೆ ಒಂದೇ ರೀತಿ ಬರೆದ ಹೆಸರು ಬೇಕು. ಅಂಕಪಟ್ಟಿಯಲ್ಲಿ ಒಂದು ಇನಿಶಿಯಲ್, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಅಲ್ಲಿಗೇ ನಿಲ್ಲಬಹುದು. ಅಪ್ಪನಿಗೆ ಈ ಪೋರ್ಟಲ್‌ಗಳ ದಾರಿ ಗೊತ್ತಿಲ್ಲ, ಮಗಳಿಗೆ ಗೊತ್ತು. ಆದರೆ ಮನೆಯ ಆದಾಯ ಎಷ್ಟೆಂದು ಅವಳಿಗೆ ಹೇಳಿಲ್ಲ.

ಓದಿನ ತಯಾರಿಯೂ ಹಣದ ಲೆಕ್ಕದಿಂದ ಹೊರಗಿಲ್ಲ. ಕನ್ನಡ ಮಾಧ್ಯಮದಿಂದ ಬಂದ ಜಾಣ ಹುಡುಗನೂ ಮೊದಲ ಸೆಮಿಸ್ಟರ್‌ನಲ್ಲಿ ಇಂಗ್ಲಿಷ್ ಪಾಠದ ವೇಗಕ್ಕೆ ಹೊಂದಿಕೊಳ್ಳಲಾರದೆ ಒಂದೆರಡು ವಿಷಯ ಉಳಿಸಿಕೊಳ್ಳಬಹುದು. ಮರುಪರೀಕ್ಷೆಯ ಶುಲ್ಕ ಸಣ್ಣದು. ಆದರೆ ಬ್ಯಾಕ್‌ಲಾಗ್ ಇದ್ದವರನ್ನು ಕ್ಯಾಂಪಸ್ ಆಯ್ಕೆಗೆ ಕೂರಿಸದ ಕಂಪನಿಗಳಿವೆ, ನಡುವೆ ಕೋರ್ಸ್ ಬಿಟ್ಟವರಿಗೆ ಬಡ್ಡಿ ನೆರವೂ ತಪ್ಪುತ್ತದೆ. ‘ಪಾರ್ಟ್‌ಟೈಮ್ ಕೆಲಸ ಮಾಡಿ ತೂಗಿಸುತ್ತೇನೆ’ ಎನ್ನುವವರು ವಿಟಿಯು ಕೇಳುವ ಶೇ 85ರ ಹಾಜರಾತಿಯನ್ನು ನೆನಪಿಡಬೇಕು. ಹಾಗಾಗಿ ಕಾಲೇಜು ಶುರುವಾಗುವ ಮುಂಚಿನ ರಜೆಯಲ್ಲಿ ಪಠ್ಯದ ಇಂಗ್ಲಿಷ್‌ಗೆ ಕೊಡುವ ಎರಡು ತಿಂಗಳು ಯಾವ ವಿದ್ಯಾರ್ಥಿವೇತನಕ್ಕೂ ಕಡಿಮೆಯಲ್ಲ.

ಮಕ್ಕಳಿಗೆ ಇದನ್ನೆಲ್ಲ ಹೇಳಿದರೆ ಮನಸ್ಸು ಕುಗ್ಗುತ್ತದೆ, ಓದಿನ ಮೇಲೆ ಗಮನ ಹೋಗುವುದಿಲ್ಲ ಎಂಬ ಆಕ್ಷೇಪ ಹಗುರವಾದದ್ದಲ್ಲ. ಪರೀಕ್ಷೆಯ ಹಿಂದಿನ ವಾರ ‘ನಿನಗಾಗಿ ಒಡವೆ ಅಡವಿಟ್ಟಿದ್ದೇವೆ’ ಎಂದು ಚುಚ್ಚಿದರೆ ಯಾವ ಮಗುವೂ ಕುಗ್ಗುತ್ತದೆ. ಆದರೆ ಅದು ಲೆಕ್ಕ ಹೇಳುವುದಲ್ಲ, ಋಣ ಹೊರಿಸುವುದು. ಮಕ್ಕಳಿಗೆ ಮನೆಯ ಕಷ್ಟದ ವಾಸನೆ ಹೇಗೂ ಬಡಿದಿರುತ್ತದೆ. ಅಂಕಿ ತಿಳಿಯದಾಗ ಭಯ ಇರುವ ಕಷ್ಟಕ್ಕಿಂತ ದೊಡ್ಡದಾಗಿ ಬೆಳೆಯುತ್ತದೆ, ಕೇಳಲು ನಾಚಿ ಸಾಲದ ಆ್ಯಪ್‌ಗಳ ಬಲೆಗೆ ಬೀಳುವ ದಾರಿಯೂ ತೆರೆಯುತ್ತದೆ. ಕೆಲಸ ಸಿಕ್ಕ ಮೇಲೆ ಎಲ್ಲ ತೀರುತ್ತದೆ ಎನ್ನುವವರಿಗೆ ಒಂದೇ ಮಾತು. ಪದವಿ ಮುಗಿದು 180 ದಿನವಾದರೂ ಕೆಲಸ ಸಿಗದವರಿಗೆಂದೇ ರಾಜ್ಯ ಸರ್ಕಾರ ಯುವನಿಧಿ ತಂದಿತು. ಅಲ್ಲಿ ಸಿಗುವ 3,000 ರೂಪಾಯಿ ಮೇಲೆ ಹೇಳಿದ 7,136ರ ಕಂತಿನ ಅರ್ಧಕ್ಕೂ ಸಾಲದು.

ಲೆಕ್ಕ ಕಂಡ ಮಕ್ಕಳು ದೊಡ್ಡ ಕನಸು ಬಿಟ್ಟು ಅಗ್ಗದ ಕೋರ್ಸಿಗೆ ಸೇರಿಬಿಡುತ್ತಾರೆ ಎಂಬ ಆಕ್ಷೇಪವೇ ನನ್ನನ್ನು ಹೆಚ್ಚು ಕಾಡುವುದು. ಕೆಲವರು ಹಾಗೆ ಮಾಡಿಯಾರು. ಆದರೆ ಲೆಕ್ಕ ಮುಚ್ಚಿಟ್ಟಲ್ಲಿ ಕನಸು ಉಳಿಯುತ್ತದೆಯೇ? ಅಲ್ಲಿ ಕತ್ತರಿ ದೊಡ್ಡವರ ಕೈಯಲ್ಲಿರುತ್ತದೆ, ಮತ್ತು ಅದು ಹೆಚ್ಚಾಗಿ ಮೊದಲು ಬೀಳುವುದು ಹುಡುಗಿಯರ ಓದಿನ ಮೇಲೆ. ‘ಈಗ ಕೈಯಲ್ಲಿ ಆಗಲ್ಲಮ್ಮ’ ಎಂಬ ಒಂದೇ ಮಾತಿಗೆ ಮಗಳ ಹತ್ತಿರ ಉತ್ತರ ಇರುವುದಿಲ್ಲ. ಅಂಕಿಗಳು ಅವಳ ಕೈಯಲ್ಲೂ ಇದ್ದರೆ ಅವಳು ಹೇಳಬಲ್ಲಳು: ‘ಶಕ್ತಿ ಯೋಜನೆಯಿಂದ ನನ್ನ ಬಸ್ ಖರ್ಚಿಲ್ಲ, ಬಡ್ಡಿ ನೆರವಿಗೆ ಅರ್ಹಳಿದ್ದೇನೆ, 4 ಲಕ್ಷದವರೆಗೆ ಬ್ಯಾಂಕು ನಮ್ಮ ಕೈಯಿಂದ ಮಾರ್ಜಿನ್ ಕೇಳುವುದಿಲ್ಲ ಅಪ್ಪ, ಇನ್ನು ಎಷ್ಟು ಕಡಿಮೆ ಬೀಳುತ್ತೆ ಹೇಳಿ.’